ಬಾಕಿ ದೂರು ಸೊನ್ನೆ

ನಮ್ಮ ಯಜಮಾನರು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದೂರುಗಳನ್ನು ಎಂಟೇ ತಿಂಗಳಲ್ಲಿ ವಿಲೇವಾರಿ ಮಾಡಿದ ಮಹನೀಯರು. ಅವುಗಳಲ್ಲಿ ಎಷ್ಟು ಬಗೆಹರಿದವು ಎಂದು ಮಾತ್ರ ಕೇಳಬಾರದು. ಕೇಳಿದರೆ ಅವರಿಗೆ ಬೇಜಾರಾಗುತ್ತದೆ. ಬೇಜಾರಾದರೆ ತಟ್ಟೆಯ ಮುಂದೆ ಕೂತು ಸೂರು ನೋಡುತ್ತಾರೆ. ತಟ್ಟೆಯಲ್ಲಿದ್ದದ್ದು ಆರಿಹೋಗುತ್ತದೆ, ಮತ್ತೆ ಬಿಸಿ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ.

ಇದೆಲ್ಲ ಶುರುವಾದದ್ದು ನಮ್ಮ ಬೀದಿಯ ಕೊನೆಯಲ್ಲಿರುವ ಗ್ರಂಥಾಲಯದಲ್ಲಿ. ಅತ್ತೆ ಓದಿ ಮುಗಿಸಿದ ಪುಸ್ತಕ ಹಿಂದಿರುಗಿಸಲು ಹೋದ ಯಜಮಾನರು ಕೌಂಟರಿನ ಕಂಪ್ಯೂಟರಿನಲ್ಲಿ ಒಂದು ಸಾಲು ಓದಿದರು. ಸಣ್ಣ ಗ್ರಂಥಾಲಯಗಳಿಗೆಂದು ಯಾರೋ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ಬರೆದು ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಅದು. 'ಸ್ವಯಂಸೇವಕರು ಬೇಕಾಗಿದ್ದಾರೆ, ಕೈಜೋಡಿಸಿ' ಎಂದಿತ್ತು. ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಲಕೋಟೆಗಳ ಮೇಲೆ ಮೊಹರು ಒತ್ತಿದ ಕೈ ಜೋಡಿಕೊಳ್ಳಲು ತಡಮಾಡಲಿಲ್ಲ.

"ನಿಮಗೆ ಪ್ರೋಗ್ರಾಂ ಬರೆಯೋಕೆ ಬರುತ್ತಾ?" ಎಂದು ಆ ಕಡೆಯವರು ಕೇಳಿದರಂತೆ.

"ಬರಲ್ಲ. ಆದ್ರೆ ಶಿಸ್ತಿದೆ" ಎಂದು ಇವರು ಹೇಳಿದರಂತೆ.

ಶಿಸ್ತಿರುವವರಿಗೆ ಪ್ರಪಂಚದಲ್ಲೆಲ್ಲ ಒಂದೇ ಕೆಲಸ ಕಾದಿರುತ್ತದೆ, ಉಳಿದವರು ಬೇಡವೆಂದು ಬಿಟ್ಟದ್ದು. ಆ ಗುಂಪಿನಲ್ಲಿ ಹೊಸ ಅಂಗಿ ಹೊಲಿಯಲು ಜನ ಬೇಕಾದಷ್ಟಿದ್ದರು, ಹರಿದ ತೋಳಿಗೆ ತೇಪೆ ಹಾಕಲು ಒಬ್ಬರೂ ಇರಲಿಲ್ಲ. ಸಾಫ್ಟ್‌ವೇರಿನ ತಪ್ಪಿಗೆ ಅವರು ಬಗ್ ಎನ್ನುತ್ತಾರೆ. ಎಲ್ಲೆಲ್ಲಿಯದೋ ಗ್ರಂಥಾಲಯದವರು 'ಇಲ್ಲಿ ಹೀಗಾಗುತ್ತಿದೆ, ದಯವಿಟ್ಟು ನೋಡಿ' ಎಂದು ಬರೆದ ಬಗ್ಗುಗಳ ದೂರು ಹತ್ತು ವರ್ಷದಿಂದ ರಾಶಿ ಬಿದ್ದಿತ್ತು. ಒಂದೊಂದನ್ನೂ ಓದಬೇಕು, ತಪ್ಪು ಈಗಲೂ ಆಗುತ್ತದೆಯೇ ಎಂದು ನೋಡಬೇಕು, ಆಗುತ್ತಿದ್ದರೆ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಬೀಳುವಂತೆ ಇಡಬೇಕು. ಇಷ್ಟು ಕೆಲಸ ಒಪ್ಪಿಸಿ, 'ದೂರು ನಿರ್ವಾಹಕರು' ಎಂಬ ಬಿರುದು ಕೊಟ್ಟು ಅವರು ನಿಶ್ಚಿಂತರಾದರು.

ಮೊದಲ ತಿಂಗಳು ಯಜಮಾನರು ಹನ್ನೊಂದು ದೂರು ಓದಿದರು. ಹನ್ನೆರಡನೆಯದರ ಹೊತ್ತಿಗೆ ಅವರಿಗೆ ಜ್ಞಾನೋದಯವಾಯಿತು. ಅಡುಗೆಮನೆಗೇ ಬಂದು ಹೇಳಿದರು.

"ನೋಡೇ, ಹಳೇ ದೂರು ಅಂದ್ರೇನು? ಕೊಟ್ಟೋನಿಗೇ ಮರೆತುಹೋಗಿರುತ್ತೆ. 'ನಿಮ್ಮ ತೊಂದರೆ ಇನ್ನೂ ಇದೆಯಾ' ಅಂತ ಕಂಪ್ಯೂಟರ್ ಕೈಲಿ ಕೇಳಿಸೋದು. ಹದಿನಾಲ್ಕು ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ಮುಚ್ಚಿಬಿಡೋದು."

"ತೊಂದ್ರೆ ಇನ್ನೂ ಇದ್ರೆ?"

"ಇದ್ರೆ ಕೂಗ್ತಾನೆ."

"ಕೂಗಿ ಕೂಗಿ ಸುಸ್ತಾಗಿದ್ರೆ?"

"ಸುಸ್ತಾದ್ರೆ ದೂರಿಲ್ಲ ಅಂತ ಅರ್ಥ!"

ಹಸಿದ ಮಗು ಅತ್ತು ಅತ್ತು ನಿದ್ದೆ ಹೋದರೆ ಹೊಟ್ಟೆ ತುಂಬಿದೆ ಎಂದು ತಿಳಿಯುವ ಜಾತಿ ಇದು. ನಾನು ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದೆ.

ಆ ಉಪಾಯದಿಂದ ರಾಶಿ ಸರಸರನೆ ಕರಗಿತು. ಕರಗಿದಷ್ಟೂ ಯಜಮಾನರ ಎದೆ ಅಗಲವಾಯಿತು. ಮೊದಲು ಎರಡು ವರ್ಷ ಹಳೆಯದಾದರೆ ಮುಚ್ಚುವುದು ಎಂದಿದ್ದದ್ದು ಆರು ತಿಂಗಳಿಗೆ ಇಳಿಯಿತು, ಆಮೇಲೆ ಹದಿನೈದು ದಿನಕ್ಕೆ. ಉತ್ತರಿಸಲು ಕೊಟ್ಟ ಗಡುವು ಹದಿನಾಲ್ಕು ದಿನದಿಂದ ಮೂರು ದಿನಕ್ಕೆ ಬಂತು. ಕೊನೆಗೊಂದು ದಿನ ಫ್ರಿಜ್ಜಿನ ಬಾಗಿಲ ಮೇಲೆ, ನಾನು ಹಾಲಿನವನ ಫೋನ್ ನಂಬರ್ ಅಂಟಿಸಿದ್ದ ಜಾಗದಲ್ಲಿ, ಕೆಂಪು ಶಾಯಿಯ ಚೀಟಿ ಬಂತು: 'ಬಾಕಿ ದೂರು: ೦'.

ಹೀಗೆ ಒಂದೇ ಒಂದು ದೂರೂ ಇಲ್ಲದೆ ಸತತ ಮೂವತ್ತು ದಿನ ಕಳೆದರೆ ಗುಂಪಿನವರು 'ವರ್ಷದ ನಿರ್ವಾಹಕ' ಎಂದು ಗೌರವ ಕೊಡುತ್ತಾರಂತೆ. ಮೂವತ್ತನೆಯ ದಿನ ತುಂಬುವುದು ಬರುವ ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ. ಅಂದೇ ಕಂಪ್ಯೂಟರಿನಲ್ಲಿ ಸಭೆ, ಪ್ರಶಸ್ತಿ ಪತ್ರ, ಭಾಷಣ.

ಆ ಭಾನುವಾರಕ್ಕೆ ಆರು ದಿನ ಇರುವಾಗ, ಸೋಮವಾರ ಬೆಳಗ್ಗೆ, ಬಾಗಿಲ ಗಂಟೆ ಸದ್ದು ಮಾಡಿತು. ಬಾಗಿಲು ತೆಗೆದದ್ದು ಅತ್ತೆ. ಎದುರಿಗೆ ಮೇಲಿನ ಮನೆಯ ಇನ್‌ಸ್ಪೆಕ್ಟರು. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಮುಖದಲ್ಲಿ ಇನ್ನೂ ತಕ್ಕಡಿ ಹಿಡಿದಿರುತ್ತಾರೆ. ಅಂದು ಆ ಮುಖ ವಿಪರೀತ ಗಂಭೀರವಾಗಿತ್ತು.

"ಯಾವಾಗ ಆಯ್ತಮ್ಮ?" ಎಂದರು.

"ಏನು?"

"ನಿಮ್ದು."

ಅತ್ತೆ ತಲೆಯಿಂದ ಕಾಲಿನವರೆಗೆ ತಮ್ಮನ್ನು ತಾವೇ ಒಮ್ಮೆ ನೋಡಿಕೊಂಡರು. "ನನಗೇನಾಗಿದೆ?"

"ಲೈಬ್ರರಿ ಪರದೆ ಮೇಲೆ ನಿಮ್ಮ ಹೆಸರಿನ ಸುತ್ತ ಹೂವಿನ ಚೌಕಟ್ಟು ಹಾಕಿದಾರೆ. 'ನಮ್ಮನ್ನಗಲಿದ ಸದಸ್ಯರು' ಅಂತಿದೆ. ನನಗೂ ಮೆಸೇಜ್ ಬಂತು. ನಾಲ್ಕನೇ ಸಂಪುಟಕ್ಕೆ ಮುಂದಿನ ಸರದಿ ನನ್ನದಂತೆ. ಖಚಿತ ಮಾಡ್ಕೊಂಡು ಹೋಗೋಣ ಅಂತ ಬಂದೆ."

ಖಚಿತವಾಗದೆ ಇದ್ದದ್ದಕ್ಕೆ ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ನಾಲ್ಕನೇ ಸಂಪುಟದ ವಿಷಯ ಹೇಳಿಬಿಡುತ್ತೇನೆ. ಅತ್ತೆಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಮೂರು ಸಂಪುಟ ಮುಗಿಸಿ, ಒಂದೇ ಮನೆಯಲ್ಲಿ ಐದು ಕೊಲೆಗಳಾದ ಮೇಲೆ, ಕೊಲೆಗಾರ ಯಾರೆಂದು ತಿಳಿಯಲು ಏಳು ತಿಂಗಳಿಂದ ನಾಲ್ಕನೆಯದಕ್ಕೆ ಸರದಿಯಲ್ಲಿದ್ದರು. ದಪ್ಪ ಅಕ್ಷರದ ಪ್ರತಿ ಊರಿಗೆಲ್ಲ ಒಂದೇ. ಅದು ಕೊನೆಗೂ ವಾಪಸು ಬಂದಿತ್ತು. ಇತ್ತ ಮುಂದಿನ ವಾರದ ಮಂಗಳವಾರ ಅವರ ಎರಡು ಕಣ್ಣಿಗೂ ಪೊರೆಯ ಆಪರೇಷನ್. ಆಮೇಲೆ ಆರು ವಾರ ಒಂದಕ್ಷರವನ್ನೂ ಓದಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದ್ದರು. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನವಷ್ಟೇ ಅತ್ತೆಗೆ ಎಂಬತ್ತು ತುಂಬಿತ್ತು.

ನಾನೂ ಅತ್ತೆಯೂ ಗ್ರಂಥಾಲಯಕ್ಕೆ ಹೊರಟೆವು. "ನಾನೇ ವಿಚಾರಿಸ್ತೀನಿ, ಇದು ತಾಂತ್ರಿಕ ವಿಷಯ" ಎಂದು ಯಜಮಾನರೂ ಬಂದರು.

ಗ್ರಂಥಪಾಲಕಿ ಅತ್ತೆಯನ್ನು ನೋಡಿ ನಿಟ್ಟುಸಿರು ಬಿಟ್ಟರು. "ನಿಮಗೂ ಎಂಬತ್ತು ತುಂಬಿತಾ ಅಮ್ಮ? ಎಂಬತ್ತಾದ ತಕ್ಷಣ ಈ ಹಾಳು ಪ್ರೋಗ್ರಾಂ ಸಾಯಿಸಿಬಿಡುತ್ತೆ. ನೋಡಿ ಅಲ್ಲಿ."

ಪತ್ರಿಕೆಯ ಮೇಜಿನ ಸುತ್ತ ಐದು ಜನ ವೃದ್ಧರು ಕೂತಿದ್ದರು.

"ಅವರೆಲ್ಲ ದಿವಂಗತರೇ. ಕೂತು ಪೇಪರ್ ಓದಬಹುದು. ಪುಸ್ತಕ ಮನೆಗೆ ಒಯ್ಯೋ ಹಾಗಿಲ್ಲ."

ಅವರಲ್ಲೊಬ್ಬರು ಕನ್ನಡಕದ ಮೇಲಿನಿಂದ ಅತ್ತೆಯನ್ನು ನೋಡಿ ಪಕ್ಕದ ಕುರ್ಚಿ ಎಳೆದರು. "ಹೊಸದಾ? ಬನ್ನಿ, ಕೂತ್ಕೊಳ್ಳಿ. ಒಂದು ವಾರ ಕಷ್ಟ ಅನ್ಸುತ್ತೆ, ಆಮೇಲೆ ರೂಢಿಯಾಗುತ್ತೆ."

"ಇದನ್ನ ನೀವು ಕಂಪ್ಯೂಟರಿನವರಿಗೆ ತಿಳಿಸಲಿಲ್ವಾ?" ಎಂದು ನಾನು ಕೇಳಿದೆ.

ಗ್ರಂಥಪಾಲಕಿ ಡ್ರಾಯರಿನಿಂದ ಒಂದು ಕಟ್ಟು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಆರು ವರ್ಷದ ಹಿಂದೆನೇ ದೂರು ಕೊಟ್ಟಿದೀನಿ. ಯಾರೂ ಸರಿ ಮಾಡ್ಲಿಲ್ಲ, ಆದ್ರೆ ಅದರಷ್ಟಕ್ಕೆ ಅದು ಇತ್ತು. ಈ ವರ್ಷ ಯಾವನೋ ಪುಣ್ಯಾತ್ಮ ಬಂದ. 'ತೊಂದರೆ ಇನ್ನೂ ಇದೆಯೇ' ಅಂತ ಹನ್ನೊಂದು ಸಲ ಕೇಳಿದ. ಹನ್ನೊಂದು ಸಲಾನೂ 'ಹೌದು, ಇನ್ನೂ ಸಾಯ್ತಾನೇ ಇದಾರೆ' ಅಂತ ಬರೆದೆ. ಹನ್ನೆರಡನೇ ಸಲ ನನ್ನ ಮಗಳ ಹೆರಿಗೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಬಂದು ನೋಡಿದ್ರೆ ಮುಚ್ಚಿಬಿಟ್ಟಿದಾನೆ! ಅವನ ಮನೆ ಬಾಗಿಲು ಹೀಗೇ ಮುಚ್ಚಿಹೋಗ..."

"ಯಾರಂತೆ ಅವನು?" ಅತ್ತೆ ಕೇಳಿದರು.

"ಹೆಸರಿಲ್ಲಮ್ಮ. 'ದೂರು ನಿರ್ವಾಹಕರು' ಅಂತ ರುಜು ಹಾಕಿದಾನೆ."

ಯಜಮಾನರು ಇದ್ದಕ್ಕಿದ್ದಂತೆ ಗೋಡೆಯ ಮೇಲಿನ 'ಮೌನ ಪಾಲಿಸಿ' ಎಂಬ ಫಲಕವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಆ ಪುಸ್ತಕ ನನ್ನ ಕಾರ್ಡಿಗಾದರೂ ಕೊಡಿ ಎಂದೆ. ನನಗಿಂತ ಮುಂದೆ ಸರದಿಯಲ್ಲಿ ಹದಿನಾಲ್ಕು ಜನ ಇದ್ದರು. ಸುಮ್ಮನೆ ಕೊಟ್ಟುಬಿಡಿ ಎಂದೆ. ಕಂಪ್ಯೂಟರು ಒಪ್ಪದೆ ಪುಸ್ತಕ ಹೊರಗೆ ಹೋದರೆ ಬಾಗಿಲಲ್ಲಿ ಗಂಟೆ ಹೊಡೆದುಕೊಳ್ಳುತ್ತದಂತೆ. ಮೊದಲ ಸರದಿಯವರಿಗೆ ಒಂದು ವಾರ ಕಾಯುವುದು ನಿಯಮವಂತೆ, ಹಾಗಾಗಿ ಭಾನುವಾರ ಹನ್ನೆರಡರವರೆಗೆ ಅತ್ತೆಯ ಹೆಸರಿನಲ್ಲಿ ಪುಸ್ತಕ ತೆಗೆದಿಟ್ಟಿರುತ್ತಾರೆ. ಅಷ್ಟರಲ್ಲಿ ಅತ್ತೆಗೆ ಜೀವ ಬಂದರೆ ಸರಿ. ಬಾರದಿದ್ದರೆ ಹನ್ನೆರಡು ಹೊಡೆದ ಕೂಡಲೇ ಇನ್‌ಸ್ಪೆಕ್ಟರಿಗೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು. "ಆ ನಿರ್ವಾಹಕ ನೀನೇ ಅಲ್ವೇನೋ?"

"ಅಮ್ಮ, ಅದು ಪದ್ಧತಿ. ವ್ಯಕ್ತಿ ಮುಖ್ಯ ಅಲ್ಲ."

"ಮುಚ್ಚಿದ್ದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು?"

"ಒಂದು ಗುಂಡಿ ಒತ್ತಿದ್ರಾಯ್ತು."

"ಒತ್ತು ಮತ್ತೆ."

"ಒತ್ತಿದ್ರೆ ಬಾಕಿ ಒಂದಾಗುತ್ತಮ್ಮ!" ಯಜಮಾನರು ಫ್ರಿಜ್ಜಿನ ಮೇಲಿನ ಚೀಟಿಯ ಕಡೆ ಕೈ ತೋರಿಸಿದರು. "ಇಪ್ಪತ್ತನಾಲ್ಕು ದಿನದಿಂದ ಸೊನ್ನೆ ಕಾಪಾಡಿದೀನಿ. ಭಾನುವಾರ ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ನಾನೇ ಒತ್ತುತೀನಿ. ಆಣೆಗೂ."

"ಹನ್ನೆರಡಕ್ಕೆ ಪುಸ್ತಕ ಅವನ ಪಾಲಾಗುತ್ತಲ್ಲೋ! ಕೊಲೆಗಾರ ಯಾರು ಅಂತ ಗೊತ್ತಾಗದೆ ಆರು ವಾರ ಕಣ್ಣು ಮುಚ್ಚಿಕೊಂಡು ಮಲಗು ಅಂತೀಯಾ? ಒಂದು ಮಾತು ಹೇಳಿಬಿಡು. ನಿನಗೆ ಸೊನ್ನೆ ಬೇಕೋ, ಅಮ್ಮ ಬೇಕೋ?"

ಇಂಥ ಪ್ರಶ್ನೆಗೆ ಉತ್ತರ ಹೇಳಲು ಮನುಷ್ಯನಿಗೆ ಅರೆಕ್ಷಣ ಸಾಕು. ಯಜಮಾನರು ಯೋಚಿಸಲು ಕೂತರು.

ಯೋಚನೆಯ ಫಲವಾಗಿ ಮೊದಲು ಇನ್‌ಸ್ಪೆಕ್ಟರ ಮನೆಗೆ ಹೋಗಿ, ನಿಮ್ಮ ಸರದಿ ಬಿಟ್ಟುಕೊಡಿ ಎಂದು ಕೇಳಿದರು. "ನಾನೂ ಏಳು ತಿಂಗಳು ಕಾದಿದೀನ್ರೀ. ದಿನಕ್ಕೆ ಎರಡು ಪುಟ ಓದೋದು ನನ್ನ ನಿಯಮ. ವರ್ಷದೊಳಗೆ ಕೊಟ್ಟುಬಿಡ್ತೀನಿ" ಎಂದು ಅವರು ಬಾಗಿಲು ಹಾಕಿಕೊಂಡರು. ಆಮೇಲೆ ಯಜಮಾನರು, ತಾವು ಮುಚ್ಚಿದ್ದನ್ನು ತೆಗೆಯದೆ, ಅತ್ತೆಯ ಹೆಸರಿನಲ್ಲಿ ಹೊಸ ದೂರೊಂದನ್ನು ಬರೆದು ಕಳಿಸಿದರು. ನಾಲ್ಕೇ ಸೆಕೆಂಡಿನಲ್ಲಿ ಉತ್ತರ ಬಂತು: 'ಇದೇ ದೂರನ್ನು ಈಗಾಗಲೇ ಮುಚ್ಚಲಾಗಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.'

"ನೋಡಿದ್ಯಾ ವೇಗ!" ಎಂದು ನನ್ನ ಕಡೆ ತಿರುಗಿದರು. "ನಾನೇ ಮಾಡಿದ ವ್ಯವಸ್ಥೆ."

ಅಷ್ಟರಲ್ಲಿ ಹೂವಿನ ಚೌಕಟ್ಟಿನ ಸುದ್ದಿ ಅವರ ಕಚೇರಿಗೂ ಮುಟ್ಟಿತ್ತು. ಮೇಲಧಿಕಾರಿ ಫೋನು ಮಾಡಿ ಮರುಗಿದರು, ಮಾತೃವಿಯೋಗಕ್ಕೆಂದು ಮೂರು ದಿನ ರಜೆ ಮಂಜೂರು ಮಾಡಿದರು. ಯಜಮಾನರು ಆ ಕೂಡಲೇ ನಿಜ ಹೇಳುವರೆಂದು ನಾನು ತಿಳಿದಿದ್ದೆ.

"ತಾವು ಬಹಳ ದೊಡ್ಡವರು ಸಾರ್" ಎಂದು ಹೇಳಿ ಫೋನಿಟ್ಟರು.

"ಏನ್ರೀ ಇದು?"

"ದಾಖಲೆ ಪ್ರಕಾರ ಸುಳ್ಳೇನಲ್ವಲ್ಲ" ಎಂದರು. ರಜೆಯ ಆದೇಶವನ್ನು ಗುಂಪಿನ ಅಧ್ಯಕ್ಷರಿಗೂ ಕಳಿಸಿ, ಮೂರು ದಿನವೂ ಕೂತು ಭಾಷಣ ಬರೆದರು. ಅತ್ತೆಗೆ ಮಾತ್ರ ಬಾಲ್ಕನಿಯಲ್ಲಿ ನಿಲ್ಲಬಾರದೆಂದು ವಿನಂತಿ ಮಾಡಲಾಯಿತು. ಕಚೇರಿಯವರು ಯಾರಾದರೂ ಆ ದಾರಿಯಲ್ಲಿ ಹೋದರೆ ಎಂದು ಭಯ. ಅತ್ತೆ ದಿನವೂ ಬಾಲ್ಕನಿಯಲ್ಲೇ ಕೂತು, ಕಂಡವರನ್ನೆಲ್ಲ ಕರೆದು ಮಾತಾಡಿಸಿದರು.

ಭಾನುವಾರ ಹನ್ನೊಂದಕ್ಕೆ ಸಭೆ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತರು. ಕೆಳಗೆ ಪೈಜಾಮ. ಅದು ಸಭೆಗೆ ಕಾಣುವುದಿಲ್ಲವಂತೆ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಒಂದರಲ್ಲಿ ಅಧ್ಯಕ್ಷರು. ಇನ್ನೊಂದರಲ್ಲಿ ಗಡ್ಡ ಬಿಟ್ಟ ಅರ್ಧ ಮುಖ. ಈ ಪ್ರೋಗ್ರಾಂ ಮೊದಲು ಬರೆದವರು ಅವರೇ ಎಂದು ಯಜಮಾನರು ಪಿಸುಗುಟ್ಟಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಸ್ನೇಹಿತರೇ, ಸಂತೋಷದ ಕೆಲಸಕ್ಕೆ ಮುಂಚೆ ದುಃಖದ ಕರ್ತವ್ಯ ಒಂದಿದೆ. ನಮ್ಮ ನಿರ್ವಾಹಕರು ಇದೇ ವಾರ ತಾಯಿಯನ್ನ ಕಳಕೊಂಡಿದಾರೆ. ಆದ್ರೂ ಸೊನ್ನೆ ಬಿಟ್ಟುಕೊಟ್ಟಿಲ್ಲ! ಆ ಮಹಾತಾಯಿಗಾಗಿ ಒಂದು ನಿಮಿಷ ಮೌನ ಆಚರಿಸೋಣ."

ಚೌಕಗಳಲ್ಲಿ ತಲೆಗಳು ಬಾಗಿದವು. ಯಜಮಾನರು ತಾವೂ ಎದ್ದು ನಿಂತರು. ಪೈಜಾಮ ಸಭೆಗೆ ಕಂಡಿತು. ಆಗ ಅತ್ತೆ ಭೂತಗನ್ನಡಿ ಹಿಡಿದು ಒಳಕೋಣೆಯಿಂದ ಬಂದು ಮಗನ ಹಿಂದೆ ನಿಂತರು. ಪರದೆಯ ಮೇಲಿನ ಬಾಗಿದ ತಲೆಗಳನ್ನು ಒಂದೊಂದಾಗಿ ನೋಡಿದರು.

"ಇದೆಲ್ಲ ನನಗೇನಾ?" ಎಂದರು. "ನಾನೂ ಮೌನವಾಗಿರ್ಬೇಕಾ, ಮಾತಾಡಬಹುದಾ?"

ತಲೆಗಳು ಎದ್ದವು. ಒಬ್ಬರ ಕೈಯಲ್ಲಿದ್ದ ಲೋಟ ಬಿದ್ದ ಸದ್ದಾಯಿತು.

"ಇವರು... ಯಾರು?" ಅಧ್ಯಕ್ಷರು ಕೇಳಿದರು.

"ಮಹಾತಾಯಿ" ಎಂದರು ಅತ್ತೆ. ಆಮೇಲೆ ಎಂಬತ್ತು ತುಂಬಿದ್ದು, ಹೂವಿನ ಚೌಕಟ್ಟು, ಗ್ರಂಥಪಾಲಕಿಯ ಆರು ವರ್ಷ, ಪತ್ರಿಕೆಯ ಮೇಜಿನ ಐದು ಜನ ದಿವಂಗತರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಯಜಮಾನರು ಮೂರು ಸಲ "ಅಮ್ಮಾ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಗಡ್ಡದ ಅರ್ಧ ಮುಖ ಪೂರ್ತಿ ಮುಖವಾಗಿ ಮುಂದೆ ಬಂತು. ಬಿಳಿಚಿಕೊಂಡಿತ್ತು. "ಅಮ್ಮ, ಅದನ್ನ ಬರೆದಾಗ ನನಗೆ ಇಪ್ಪತ್ತೆರಡು ವರ್ಷ. ಎಂಬತ್ತು ದಾಟಿದ ಮೇಲೆ ಲೈಬ್ರರಿ ಮೆಟ್ಟಿಲು ಯಾರು ಹತ್ತುತಾರೆ ಅಂದ್ಕೊಂಡಿದ್ದೆ."

"ಇಪ್ಪತ್ತೆರಡರಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ ಕಣಪ್ಪ" ಎಂದು ಅತ್ತೆ ಸಮಾಧಾನ ಮಾಡಿದರು.

"ಯಾರೂ ನನಗೆ ಹೇಳಲೇ ಇಲ್ವಲ್ಲಮ್ಮ!"

ಚೌಕಗಳಲ್ಲಿದ್ದ ಅಷ್ಟೂ ಮುಖಗಳು ಯಜಮಾನರ ಕಡೆ ನೋಡಿದವು.

"ಒಂದು ಸಾಲು ಅಳಿಸಿದ್ರೆ ಮುಗೀತು. ಈಗಲೇ ಮಾಡ್ತೀನಿ" ಎಂದರು ಗಡ್ಡದವರು. "ಆದ್ರೆ ತೆರೆದ ದೂರಿಲ್ಲದೆ ಯಾರೂ ಪ್ರೋಗ್ರಾಂ ಮುಟ್ಟಬಾರದು ಅಂತ ನೀವೇ ನಿಯಮ ಮಾಡಿದೀರಲ್ಲ ಸಾರ್. ಆ ದೂರು ತೆಗೀರಿ."

ಗಡಿಯಾರದಲ್ಲಿ ಹನ್ನೊಂದು ಮೂವತ್ತನಾಲ್ಕು. ಯಜಮಾನರು ತುಟಿ ಒದ್ದೆ ಮಾಡಿಕೊಂಡರು. "ಇಪ್ಪತ್ತಾರು ನಿಮಿಷ ತಡೆದು ತೆಗೆದ್ರೆ..."

ಎಂಬತ್ತು ವರ್ಷದ ಕೈ ಐವತ್ತೆರಡು ವರ್ಷದ ಕಿವಿಯನ್ನು ಹಿಡಿಯಿತು. ಹಿಡಿದು, ಹಳೆಯ ಗಡಿಯಾರಕ್ಕೆ ಕೀಲಿ ಕೊಡುವಂತೆ, ಎರಡು ಸುತ್ತು ತಿರುಗಿಸಿತು. ಯಜಮಾನರ ಬೆರಳು ತನ್ನಷ್ಟಕ್ಕೆ ತಾನೇ ಗುಂಡಿಯ ಮೇಲೆ ಬಿತ್ತು. ಪರದೆಯ ಮೂಲೆಯಲ್ಲಿದ್ದ ಸೊನ್ನೆ ಒಂದಾಯಿತು. ಯಾವ ಕಚೇರಿಯೂ ರಜೆ ಕೊಡದಂಥ ವಿಯೋಗ ಆ ಮುಖದಲ್ಲಿ ಕಂಡಿತು.

ಗಡ್ಡದವರು ಹನ್ನೊಂದು ನಿಮಿಷದಲ್ಲಿ ಕೆಲಸ ಮುಗಿಸಿದರು. ಅದರಲ್ಲಿ ಒಂಬತ್ತು ನಿಮಿಷ, ಆ ಸಾಲನ್ನು ಎಲ್ಲಿ ಬರೆದಿದ್ದೆ ಎಂದು ಹುಡುಕುವುದರಲ್ಲಿ ಹೋಯಿತು. ಆರು ವರ್ಷ, ಹನ್ನೆರಡು ವಿಚಾರಣೆ, ಆರು ಜನರ ಸಾವು, ಇವೆಲ್ಲಕ್ಕೂ ಮದ್ದು ಎರಡು ನಿಮಿಷದ್ದು.

"ಆಯ್ತು. ನೀವು ದೂರು ಮುಚ್ಚಿದ ತಕ್ಷಣ ಎಲ್ಲ ಲೈಬ್ರರಿಗೂ ಹೋಗುತ್ತೆ. ಬೇಗ ಮುಚ್ಚಿ ಸಾರ್."

ಮುಚ್ಚಿ ಎಂದ ಕೂಡಲೇ ಯಜಮಾನರಿಗೆ ಜೀವ ಬಂತು. ಆದರೆ ಮುಚ್ಚಲು ಕಾರಣ ನಮೂದಿಸಬೇಕಿತ್ತು. ಕಾರಣಗಳ ಪಟ್ಟಿ ಪರದೆಯ ಮೇಲೆ ಬಂತು. ಹಳೆಯದಾಗಿದೆ. ಈಗಾಗಲೇ ಮುಚ್ಚಿದ ದೂರು. ನಮಗೆ ಸಂಬಂಧಿಸಿದ್ದಲ್ಲ. ದೂರುದಾರರಿಂದ ಉತ್ತರವಿಲ್ಲ.

"'ಸರಿಪಡಿಸಲಾಗಿದೆ' ಅಂತ ಒಂದಿತ್ತಲ್ಲ?" ಗಡ್ಡದವರು ಕೇಳಿದರು.

"ಯಾರೂ ಬಳಸ್ತಿರಲಿಲ್ಲ ಅಂತ ತೆಗೆಸಿಬಿಟ್ಟೆ" ಎಂದರು ಯಜಮಾನರು ಕ್ಷೀಣವಾಗಿ.

"ಯಾವುದಾದ್ರೂ ಒತ್ತಿ ಸಾರ್!" ಎಂದು ಅಷ್ಟೂ ಚೌಕಗಳು ಕೂಗಿದವು.

ಯಜಮಾನರು 'ದೂರುದಾರರಿಂದ ಉತ್ತರವಿಲ್ಲ' ಎಂಬುದನ್ನು ಒತ್ತಿದರು. ದೂರುದಾರರ ಕೈ ಆಗಲೂ ಅವರ ಕಿವಿಯಲ್ಲೇ ಇತ್ತು.

ಬಾಕಿ ಮತ್ತೆ ಸೊನ್ನೆಯಾಯಿತು. ನಡುವೆ ಕಾಲು ಗಂಟೆ ಒಂದಾಗಿದ್ದದ್ದನ್ನು ಅಧ್ಯಕ್ಷರು ಪರಿಗಣಿಸಲಿಲ್ಲ. ಪ್ರಶಸ್ತಿ ಪತ್ರ ಆಗಲೇ ಅಚ್ಚಾಗಿತ್ತಂತೆ. ಯಜಮಾನರು ಕಿವಿ ಸವರಿಕೊಂಡು ಭಾಷಣದ ಹಾಳೆ ಬಿಡಿಸಿದರು. ಅತ್ತೆ ಅಷ್ಟು ಹೊತ್ತಿಗೆ ಚಪ್ಪಲಿ ಮೆಟ್ಟಿಯಾಗಿತ್ತು. ನಾನು ಒಲೆ ಆರಿಸಿ, ಅವರ ಕೈ ಹಿಡಿದು ಓಡುನಡಿಗೆಯಲ್ಲಿ ಹೊರಟೆ.

ಗ್ರಂಥಾಲಯ ಮುಟ್ಟಿದಾಗ ಹನ್ನೆರಡಕ್ಕೆ ಎರಡು ನಿಮಿಷ. ಇನ್‌ಸ್ಪೆಕ್ಟರು ಚೀಲದ ಬಾಯಿ ಅಗಲಿಸಿಕೊಂಡು ಕೌಂಟರಿನಲ್ಲಿ ನಿಂತಿದ್ದರು. ಗ್ರಂಥಪಾಲಕಿ ಅವರ ಮುಂದೆಯೇ ಅತ್ತೆಯ ಕಾರ್ಡು ಒತ್ತಿದರು. ಹೂವಿನ ಚೌಕಟ್ಟು ಮಾಯವಾಯಿತು. ಪತ್ರಿಕೆಯ ಮೇಜಿನಿಂದ ಐದು ಜನರೂ ಎದ್ದು, ತಮ್ಮ ತಮ್ಮ ಕಾರ್ಡು ಹುಡುಕುತ್ತ ಜೇಬು ತಡಕತೊಡಗಿದರು.

"ಎರಡೇ ನಿಮಿಷ ಇತ್ತು" ಎಂದರು ಇನ್‌ಸ್ಪೆಕ್ಟರು, ತೂಕದಲ್ಲಿ ಮೋಸ ಹೋದವರ ಹಾಗೆ. "ಇರಲಿ. ಆರುನೂರು ಪುಟ. ಮಂಗಳವಾರದೊಳಗೆ ನೀವು ಮುಗಿಸಿದ ಹಾಗೇ ಇದೆ. ಅರ್ಧಕ್ಕೇ ನಿಲ್ಲಿಸಿ ನನಗೇ ಕೊಡ್ತೀರಿ ಬಿಡಿ."

ಅತ್ತೆ ಅವರನ್ನೊಮ್ಮೆ ನೋಡಿದರು. ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ಕೊನೆಯ ಪುಟ ತೆರೆದು, ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

"ಐದೂ ಕೊಲೆ ಮಾಡಿದ್ದು ಆ ಮನೆ ಅಡುಗೆಯವಳು ಇನ್‌ಸ್ಪೆಕ್ಟ್ರೇ. ಇನ್ನು ನಿಧಾನವಾಗಿ ಓದಿ, ದಿನಕ್ಕೆ ಎರಡು ಪುಟ."

ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. "ಅನ್ಯಾಯ! ಇದು ಘೋರ ಅನ್ಯಾಯ! ನಾನು ಬರೆದು ದೂರು ಕೊಡ್ತೀನಿ!"

"ಧಾರಾಳವಾಗಿ ಕೊಡಿ" ಎಂದು ಅತ್ತೆ ಬಾಗಿಲ ಕಡೆ ನಡೆದರು. "ನೋಡ್ಕೊಳ್ಳೋಕೆ ನನ್ನ ಮಗ ಇದಾನೆ."